ಮೂರನೆಯ ಪಿನ್ನು ಮತ್ತು ಒಂದು ಮಣೆ

ಸಭೆಯಲ್ಲಿ ಮೈಕು ಕೈಕೊಟ್ಟರೆ ಜನ ಮೈಕಿನ ಕಡೆ ನೋಡುವುದಿಲ್ಲ. ಮಾತಾಡುತ್ತಿದ್ದವರ ಕಡೆಗೂ ನೋಡುವುದಿಲ್ಲ. ಎಲ್ಲರೂ ಒಟ್ಟಿಗೆ ಕತ್ತು ಹೊರಳಿಸಿ, ವೇದಿಕೆಯ ಮಗ್ಗುಲಲ್ಲಿ ಒಂದು ಟೇಬಲ್ಲಿನ ಹಿಂದೆ ಬೆವರುತ್ತ ನಿಂತಿರುವ ಒಬ್ಬನನ್ನು ಹುಡುಕುತ್ತಾರೆ. ನಮ್ಮ ಸುತ್ತಮುತ್ತಲಿನ ಕಾರ್ಯಕ್ರಮಗಳಲ್ಲಿ ಆ ಒಬ್ಬ ನಾನು. ಇದು ನಾನು ಬೇಡಿ ಪಡೆದ ಪದವಿಯಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ವಿಜ್ಞಾನ ಕಲಿಸುವವನಿಗೆ ಕರೆಂಟು ಗೊತ್ತಿರಬೇಕು, ಕರೆಂಟು ಗೊತ್ತಿದ್ದವನಿಗೆ ಮೈಕು ಗೊತ್ತಿರಬೇಕು ಎಂಬುದು ನಮ್ಮ ಜನರ ಸರಳ ಲೆಕ್ಕ. ಹಾಗಾಗಿ ಮದುವೆಯ ಆರತಕ್ಷತೆಯಿಂದ ಶ್ರದ್ಧಾಂಜಲಿ ಸಭೆಯವರೆಗೆ ಎಲ್ಲದಕ್ಕೂ ನನಗೆ ಕರೆ ಬರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಇರುವುದಿಲ್ಲ. ತೊಂದರೆಯಾದಾಗ ಮಾತ್ರ ಇಡೀ ಸಭೆಗೆ ನನ್ನ ಹೆಸರು ಗೊತ್ತಿರುತ್ತದೆ. ನಗುತ್ತಲೇ ಹೇಳಬೇಕೆಂದು ಇದನ್ನು ಬರೆಯಲು ಕೂತಿದ್ದೇನೆ. ಎಲ್ಲಿಯವರೆಗೆ ಆಗುತ್ತದೋ ನೋಡೋಣ.

ಮೊದಲಿಗೆ ನನಗೆ ಇದರಲ್ಲಿ ಯಾವ ಶಿಸ್ತೂ ಇರಲಿಲ್ಲ. ಶಿಸ್ತು ಕಲಿಸಿದ್ದು ಅವಮಾನಗಳು. ಹಂಪಿಯಲ್ಲಿ ಒಮ್ಮೆ ಶಿಕ್ಷಕರ ಶಿಬಿರ ನಡೆದಿತ್ತು. ಬಯಲಿನಲ್ಲಿ, ಬಂಡೆಗಳ ನೆರಳಿನಲ್ಲಿ ಸಭೆ. ಮೈಕಿಗೆ ಹಾಕುವ ಕರಿಯ ಸ್ಪಂಜಿನ ಟೋಪಿಯನ್ನು ಒಂದು ಕೋತಿ ಹಣ್ಣೆಂದು ತಿಳಿದು ಕಿತ್ತುಕೊಂಡು ಹೋಯಿತು. ಬಂಡೆಯ ಮೇಲೆ ಕೂತು ಕಚ್ಚಿತು, ಉಗಿಯಿತು, ಮತ್ತೆ ಕಚ್ಚಿತು. ಉಪನ್ಯಾಸಕರು ಶಿಕ್ಷಣದ ಗುರಿಗಳ ಬಗ್ಗೆ ಮಾತಾಡುತ್ತಲೇ ಇದ್ದರು, ಆದರೆ ಇನ್ನೂರು ಶಿಕ್ಷಕರ ಗಮನ ಕೋತಿ ಆ ಸ್ಪಂಜನ್ನು ನುಂಗುತ್ತದೋ ಇಲ್ಲವೋ ಎಂಬುದರ ಮೇಲಿತ್ತು. ಇನ್ನೊಮ್ಮೆ ಕಂಪ್ಲಿಯಲ್ಲಿ, ಅಕ್ಕಿ ಗಿರಣಿಯ ಮಾಲೀಕರೊಬ್ಬರು ತೀರಿಕೊಂಡಾಗ ನಡೆದ ಶ್ರದ್ಧಾಂಜಲಿ ಸಭೆ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುತ್ತಿದ್ದಾಗ, ಸಭೆಯಲ್ಲಿದ್ದ ಯಾರದೋ ಮೊಬೈಲಿಗೆ ನಮ್ಮ ಬ್ಲೂಟೂತ್ ಸ್ಪೀಕರ್ ತಾನಾಗಿ ಜೋಡಣೆಯಾಗಿ ಕುಣಿಯುವ ಹಾಡೊಂದು ಶುರುವಾಯಿತು. ಮೌನ ಮುರಿಯಬಾರದೆಂದು ಯಾರೂ ಏನೂ ಹೇಳಲಿಲ್ಲ. ತಲೆ ತಗ್ಗಿಸಿಕೊಂಡೇ ಎಲ್ಲರೂ ಇಡೀ ಹಾಡು ಕೇಳಿದರು. ತೀರಿಕೊಂಡವರ ಹಿರಿಯ ಮಗ ನಂತರ ನನ್ನ ಹತ್ತಿರ ಬಂದು, ‘ನಮ್ಮಪ್ಪಗ ಈ ಹಾಡಂದ್ರ ಭಾಳ ಸೇರ್ತಿತ್ರಿ ಸರ್’ ಎಂದ. ಅದು ಕ್ಷಮೆಯೋ ಬೈಗುಳವೋ ಇವತ್ತಿಗೂ ತಿಳಿದಿಲ್ಲ.

ಕಂಪ್ಲಿಯಿಂದ ಬಂದ ಮರುದಿನ ಹಸಿರು ರಟ್ಟಿನ ಒಂದು ನೋಟ್‌ಬುಕ್ ತಂದೆ. ಪ್ರತಿ ಅವಮಾನಕ್ಕೆ ಒಂದು ಮುನ್ನೆಚ್ಚರಿಕೆ. ಬ್ಲೂಟೂತ್ ಮುಚ್ಚಬೇಕು. ಸ್ಪಂಜು ಎರಡಿರಬೇಕು. ಲ್ಯಾಪ್‌ಟಾಪು ಹಿಂದಿನ ದಿನವೇ ತನ್ನ ಅಪ್‌ಡೇಟನ್ನೆಲ್ಲ ಮುಗಿಸಿಕೊಂಡಿರಬೇಕು. ಫೋಟೋಗಳು ಎರಡು ಪೆನ್‌ಡ್ರೈವಿನಲ್ಲಿರಬೇಕು, ಒಂದು ಜೇಬಿನಲ್ಲಿ, ಇನ್ನೊಂದು ಹೆಂಡತಿಯ ಪರ್ಸಿನಲ್ಲಿ. ನೆಲದ ಮೇಲಿನ ವೈರಿಗೆಲ್ಲ ಟೇಪು ಅಂಟಿಸಬೇಕು, ಏಕೆಂದರೆ ನಮ್ಮ ಅಧ್ಯಕ್ಷರುಗಳು ನಡೆಯುವಾಗ ಕೆಳಗೆ ನೋಡುವುದಿಲ್ಲ. ಪ್ರೊಜೆಕ್ಟರಿಗೆ ಧೂಳು ತಾಗಬಾರದು. ಹೀಗೆ ಬೆಳೆಯುತ್ತ ಅದು ಇಪ್ಪತ್ತಮೂರಕ್ಕೆ ಬಂದು ನಿಂತಿತ್ತು. ಕಾರ್ಯಕ್ರಮದ ಬೆಳಿಗ್ಗೆ ಒಂದೊಂದನ್ನೇ ಓದಿ ಪೆನ್ಸಿಲಿನಿಂದ ಗುರುತು ಹಾಕುವುದು ನನ್ನ ಪದ್ಧತಿ. ನನ್ನ ಹೆಂಡತಿ ಅದನ್ನು ನೋಡಿದಾಗಲೆಲ್ಲ, ‘ಮದಿವಿ ದಿನ ತಾಳಿ ಮನ್ಯಾಗ ಬಿಟ್ಟು ಬಂದಿದ್ರಿ. ಆವಾಗ ಎಲ್ಲಿತ್ರೀ ಈ ಬುಕ್ಕು?’ ಎನ್ನುತ್ತಾಳೆ. ಬೇರೆ ಶಾಲೆಯವರು ಬಂದು ನನ್ನ ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ನನಗೆ ಹೆಮ್ಮೆಯಿತ್ತು. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದಕ್ಕೆಲ್ಲ ಅದೇ ಮೂಲ.

ಇನ್ನು ಹನುಮಕ್ಕನ ವಿಷಯ. ಹನುಮಕ್ಕ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಹದಿನೆಂಟು ವರ್ಷ ಅಡುಗೆ ಮಾಡಿ, ಅರವತ್ತು ತುಂಬಿತೆಂದು ಹೋದ ವರ್ಷ ಕೆಲಸ ಬಿಡಬೇಕಾಯಿತು. ಅಂಥವರಿಗೆ ನಮ್ಮಲ್ಲಿ ಬೀಳ್ಕೊಡುಗೆ ಮಾಡುವ ರೂಢಿಯಿಲ್ಲ. ಆದರೆ ನಮ್ಮ ಹೆಡ್ ಮಾಸ್ತರ್ ಪಂಪಾಪತಿಯವರಿಗೆ ಏನನ್ನಿಸಿತೋ, ವಾರ್ಷಿಕೋತ್ಸವದ ವೇದಿಕೆಯಲ್ಲೇ ಒಂದು ಶಾಲು, ಒಂದು ಸೀರೆ ಕೊಟ್ಟು ಕಳಿಸೋಣ ಎಂದರು. ಸುದ್ದಿ ತಿಳಿಸಲು ಅಡುಗೆ ಮನೆಗೆ ಹೋದವನು ನಾನೇ. ಹನುಮಕ್ಕ ಅಕ್ಕಿ ತೊಳೆಯುತ್ತಿದ್ದಳು. ಸೀರೆಯ ಮಾತು ಆಕೆಗೆ ಕೇಳಿಸಿದಂತೆಯೇ ಕಾಣಲಿಲ್ಲ. ‘ನಂಗೂ ಮೈಕ್ ಕೊಡ್ತೀರೇನ್ರಿ ಸರ್?’ ಎಂದು ಕೇಳಿದಳು. ಅಡುಗೆ ಮನೆ ಇರುವುದು ವೇದಿಕೆಯ ಹಿಂದೆ. ಹದಿನೆಂಟು ವಾರ್ಷಿಕೋತ್ಸವಗಳನ್ನು ಆಕೆ ಬೆನ್ನಿನ ಕಡೆಯಿಂದ ಕೇಳಿದ್ದಳು. ಶಾಮಿಯಾನ ಹಾಕಿದವರಿಂದ ಹಿಡಿದು ಕುರ್ಚಿ ಕಳಿಸಿದವರವರೆಗೆ ವಂದನಾರ್ಪಣೆಯಲ್ಲಿ ಎಲ್ಲರ ಹೆಸರು ಬರುವುದು, ಊಟದವರ ಹೆಸರು ಬರುವ ಹೊತ್ತಿಗೆ ಜನ ಊಟಕ್ಕೆ ಎದ್ದಿರುವುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ‘ನಾಕ ಮಾತು ಅದಾವ್ರಿ. ಭಾಳ ಹೊತ್ತು ಹಿಡಿಯಂಗಿಲ್ಲ’ ಎಂದಳು.

ಒಂದು ವಾರ ಆ ನಾಲ್ಕು ಮಾತುಗಳ ತಯಾರಿ ನಡೆಯಿತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಅನ್ನ ತಿರುವುವ ಕಟ್ಟಿಗೆಯ ಹುಟ್ಟನ್ನೇ ಮೈಕಿನಂತೆ ಹಿಡಿದು ಹೇಳುವಳು. ಮೊದಲನೆಯದು, ‘ನಾನು ಹನುಮಕ್ಕ.’ ಎರಡನೆಯದು, ‘ಹದಿನೆಂಟು ವರ್ಷ ಈ ಸಾಲ್ಯಾಗ ಅನ್ನ ಮಾಡೀನಿ.’ ಮೂರನೆಯದು, ‘ಯಾರ್ನೂ ಹಸಕೊಂಡು ಮನಿಗಿ ಕಳಿಸಿಲ್ಲ.’ ಅಲ್ಲಿಗೆ ನಿಲ್ಲಿಸಿಬಿಡುವಳು. ನಾಲ್ಕನೆಯದು ಏನೆಂದು ಕೇಳಿದರೆ, ‘ಅದು ಅಲ್ಲೇ ಹೇಳಾದ್ರಿ ಸರ್. ನಿಮ್ ಮುಂದ ಹೇಳಾಕ ಒಂಥರಾ ಆಗ್ತೈತಿ’ ಎನ್ನುವಳು. ಜೊತೆಯ ಅಡುಗೆಯವಳು ಹುಲಿಗೆಮ್ಮ, ಹನುಮಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. ‘ಏನಿಲ್ರಿ ಸರ್, ಇಕಿ ಕಡಿ ಮಾತಿನ್ಯಾಗ ಎಲೆಕ್ಷನ್‌ಗೆ ನಿಂದರ್ತೀನಿ ಅಂತ ಹೇಳಾಕಿ’ ಎಂದು ರೇಗಿಸುತ್ತಿದ್ದಳು. ನನಗೂ ಆ ನಾಲ್ಕನೆಯ ಮಾತಿನ ಕುತೂಹಲ ಹತ್ತಿತು. ಈ ಹೆಂಗಸು ಆ ಮಾತನ್ನು ಹೇಳುವಾಗ ಮೈಕು ಒಂದು ಅಕ್ಷರವನ್ನೂ ನುಂಗಬಾರದು ಎಂದು ನಿಶ್ಚಯಿಸಿದೆ.

ಕಾರ್ಯಕ್ರಮದ ಹಿಂದಿನ ದಿನ ಹನುಮಕ್ಕ ನನ್ನನ್ನು ಕರೆದು ಎರಡು ಪ್ರಶ್ನೆ ಕೇಳಿದಳು. ಆ ಎರಡನ್ನೂ ನಾನು ಕೇಳಿದಂತೆಯೇ ಇಲ್ಲಿ ಬರೆಯುತ್ತೇನೆ. ಮೊದಲನೆಯದು: ‘ಸರ್, ಮೈಕ್ ಜುಂ ಅಂತೈತೇನ್ರಿ?’ ನಾನು ನಕ್ಕೆ. ‘ಮೈಕ್ ಏನ್ ಕಡೀತೈತೇನವ್ವ? ಹೆದರಬ್ಯಾಡ’ ಎಂದೆ. ಎರಡನೆಯದು: ‘ಮ್ಯಾಲ ಮಣಿ ಇರ್ತೈತೇನ್ರಿ?’ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ನಾವು ನಾಲ್ಕೈದು ಜನ ಒಟ್ಟಿಗೆ ನಕ್ಕೆವು. ಹನುಮಕ್ಕ ಗಿಡ್ಡಿ. ಮೈಕು ಎಟುಕುವುದಿಲ್ಲವೆಂದು ಹತ್ತಿ ನಿಲ್ಲಲು ಮಣೆ ಕೇಳುತ್ತಿದ್ದಾಳೆ ಎಂದು ನಾವು ತಿಳಿದೆವು. ‘ನೀ ಏರಾದು ಬ್ಯಾಡವ್ವ, ನಿನ್ನ ಸಲುವಾಗಿ ಮೈಕ್ ಇಳಿಸ್ತೀನಿ’ ಎಂದೆ. ಹೆಡ್ ಮಾಸ್ತರು ಅದಕ್ಕೂ ನಕ್ಕರು. ಹನುಮಕ್ಕನೂ ಸುಮ್ಮನೆ ನಕ್ಕು ಒಳಗೆ ಹೋದಳು.

ಕಾರ್ಯಕ್ರಮದ ಬೆಳಿಗ್ಗೆ ಏಳಕ್ಕೆ ನಾನು ಶಾಲೆಯಲ್ಲಿದ್ದೆ. ಆಂಪ್ಲಿಫೈಯರ್ ಶಾಲೆಯದೇ, ಹಳೆಯ ವಿದ್ಯಾರ್ಥಿಗಳು ಕೊಡಿಸಿದ್ದು. ವರ್ಷವಿಡೀ ಪ್ರಯೋಗಾಲಯದ ಕಪಾಟಿನಲ್ಲಿ ಮಲಗಿರುತ್ತದೆ. ಹೊರಗೆ ತೆಗೆದು ಒರೆಸಿದೆ. ನಮ್ಮ ಶಾಲೆಯ ಮುಂದೆ ಅದಿರಿನ ಲಾರಿಗಳು ಓಡುತ್ತವೆ. ಕೆಂಪು ಧೂಳು ನಮ್ಮ ಹಾಜರಿ ಪುಸ್ತಕದ ಒಳಗೂ ಇದೆ, ನಮ್ಮ ಒಗ್ಗರಣೆ ಮಂಡಕ್ಕಿಯಲ್ಲೂ ಇದೆ. ಪ್ರೊಜೆಕ್ಟರಿನ ಫ್ಯಾನಿಗೆ ಆ ಧೂಳು ಹೋದರೆ ಕಾರ್ಯಕ್ರಮದ ನಡುವೆ ನಿಂತುಬಿಡುತ್ತದೆ. ಆದ್ದರಿಂದ ನನ್ನ ಹತ್ತೊಂಬತ್ತನೆಯ ಮುನ್ನೆಚ್ಚರಿಕೆಯಂತೆ, ವೇದಿಕೆಯ ಸಿಮೆಂಟು ಕಟ್ಟೆಗೂ ಅದರ ಮುಂದಿನ ನೆಲಕ್ಕೂ ಚೆನ್ನಾಗಿ ನೀರು ಹೊಡೆಸಿದೆ. ಅತಿಥಿಗಳ ಕುರ್ಚಿಯ ಕೆಳಗೆ ಜಮಖಾನ ಹಾಸಿದೆವು. ಮೈಕು ನಿಲ್ಲುವ ಜಾಗ ಮಾತ್ರ ಶಾಮಿಯಾನದ ನೆರಳಲ್ಲಿ ಒಣಗದೆ ಒದ್ದೆಯಾಗಿಯೇ ಉಳಿಯಿತು. ಆಮೇಲೆ ಆಂಪ್ಲಿಫೈಯರಿನ ವೈರು ಬೋರ್ಡಿಗೆ ಹಾಕಲು ಹೋದೆ. ವೈರಿನ ತುದಿಯಲ್ಲಿ ಮೂರು ಪಿನ್ನು. ವೇದಿಕೆಗೆ ಎಳೆದಿದ್ದ ಬೋರ್ಡಿನಲ್ಲಿ ಎರಡೇ ತೂತು.

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು. ಮೂರನೆಯ ಪಿನ್ನು, ಮೇಲಿನ ದಪ್ಪ ಪಿನ್ನು, ಭೂಮಿಗೆ ಸಂಪರ್ಕ ಕೊಡುವಂಥದು. ಯಂತ್ರದ ಒಳಗೆ ಎಲ್ಲೋ ವೈರಿನ ಸಿಪ್ಪೆ ಹರಿದು ಕರೆಂಟು ಹೊರಮೈಗೆ ಬಂದರೆ, ಅದು ಮನುಷ್ಯನ ಮೂಲಕ ಹೋಗದೆ ಈ ಪಿನ್ನಿನ ಮೂಲಕ ಭೂಮಿಗೆ ಇಳಿಯುತ್ತದೆ. ಇದನ್ನು ನಾನು ಪ್ರತಿ ವರ್ಷ ಹತ್ತನೆಯ ತರಗತಿಗೆ ಹೇಳುತ್ತೇನೆ. ಕರಿಹಲಗೆಯ ಮೇಲೆ ಚಿತ್ರ ಬರೆಯುತ್ತೇನೆ. ಪರೀಕ್ಷೆಗೆ ಬರುತ್ತದೆ, ಎರಡು ಅಂಕ. ಆ ಬೆಳಿಗ್ಗೆ ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು, ಆ ಪಿನ್ನನ್ನು ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿಸಿ ಮುರಿದೆ. ಉಳಿದ ಎರಡು ಪಿನ್ನು ಬೋರ್ಡಿನಲ್ಲಿ ಸರಿಯಾಗಿ ಕೂತವು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ. ಬೇರೆ ಬೋರ್ಡು ಹುಡುಕಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಮುರಿಯಲು ಅರ್ಧ ನಿಮಿಷ ಸಾಕಾಯಿತು. ನೋಟ್‌ಬುಕ್ಕಿನಲ್ಲಿ ‘ಕರೆಂಟು ಸಂಪರ್ಕ’ ಎಂಬುದರ ಮುಂದೆ ಗುರುತು ಹಾಕಿದೆ. ಆಮೇಲೆ ರಬ್ಬರಿನ ಚಪ್ಪಲಿ ಹಾಕಿಕೊಂಡೇ ಮೈಕಿನ ಮುಂದೆ ನಿಂತು, ‘ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒಂದು, ಎರಡು, ಮೂರು’ ಎಂದೆ. ಧ್ವನಿ ಗಂಟೆಯಂತೆ ಬಂತು. ಅಡುಗೆ ಮನೆಯ ಕಿಟಕಿಯಿಂದ ಹುಲಿಗೆಮ್ಮ, ‘ನಾಕು ಅನ್ನಾಕ ಬರಲ್ಲೇನ್ರಿ ಸರ್?’ ಎಂದು ಕೂಗಿದಳು.

ಕಾರ್ಯಕ್ರಮ ಹತ್ತಕ್ಕೆ ಶುರುವಾಗಿ, ನಮ್ಮ ಶಾಲೆಯ ಇತಿಹಾಸದಲ್ಲೇ ಮೊದಲ ಬಾರಿಗೆ, ಎಲ್ಲೂ ಎಡವದೆ ನಡೆಯಿತು. ಮಕ್ಕಳ ಪ್ರಾರ್ಥನೆ ಸ್ಪಷ್ಟವಾಗಿ ಕೇಳಿಸಿತು. ಪ್ರೊಜೆಕ್ಟರ್ ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಮುಖ್ಯ ಅತಿಥಿಗಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಸಂಡೂರಿನ ಕಡೆ ಗಣಿಯೊಂದರಲ್ಲಿ ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಅಭ್ಯಾಸಬಲದಿಂದ ದಪ್ಪ ಅಟ್ಟೆಯ ಬೂಟು ಹಾಕಿಕೊಂಡೇ ಬಂದಿದ್ದರು. ಮೈಕನ್ನು ಒಂದು ಕೈಯಲ್ಲಿ ಹಿಡಿದು ಇಪ್ಪತ್ತೈದು ನಿಮಿಷ ಮಾತಾಡಿದರು. ವಿಷಯ, ಅಪಘಾತಗಳನ್ನು ತಪ್ಪಿಸುವುದು ಹೇಗೆ. ಹೆಡ್ ಮಾಸ್ತರೂ ಮಾತಾಡಿದರು. ಒಂದೆರಡು ಸಲ ಮೈಕಿನ ಹತ್ತಿರ ಬಾಯಿ ತಂದವರು ಸ್ವಲ್ಪ ಹಿಂದೆ ಸರಿದದ್ದನ್ನು ನಾನು ಕಂಡೆ. ಆಮೇಲೆ ಅವರೇ ಹೇಳಿದರು: ‘ಮೀಸಿ ತುದಿ ಜುಂ ಅಂತ್ರಿ ಸರ್. ಹನುಮಕ್ಕನ ಬಗ್ಗೆ ಮಾತಾಡಾಕತ್ತಿದ್ನಲ್ಲ, ದುಃಖ ಬಂದೈತಿ ಅಂತ ತಿಳಕೊಂಡೆ.’

ಶಾಲು ಹೊದಿಸಲು ಹನುಮಕ್ಕನನ್ನು ಕರೆದರು. ಹಿಂದಿನ ಪರದೆಯ ಮೇಲೆ ಆಕೆಯ ಫೋಟೋ ಹಾಕಿದೆ, ಸಾರು ಬಡಿಸುತ್ತ ನಗುತ್ತಿರುವುದು. ಆಕೆ ಮೆಟ್ಟಿಲ ಹತ್ತಿರ ಬಂದು, ಚಪ್ಪಲಿ ಬಿಟ್ಟು, ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮೇಲೆ ಹತ್ತಿದಳು. ವೇದಿಕೆಯ ಮೇಲೆ ಸರಸ್ವತಿಯ ಫೋಟೋ ಇತ್ತು. ಅದರ ಮುಂದೆ ಅಂದು ಬೂಟು, ಸ್ಯಾಂಡಲ್ಲು, ಚಪ್ಪಲಿ ಎಲ್ಲ ಓಡಾಡಿದ್ದವು. ಬರಿಗಾಲಲ್ಲಿ ಬಂದ ಮೊದಲಿಗಳು ಹನುಮಕ್ಕ. ಶಾಲು ಹೊದಿಸಿದರು. ನಾನು ಹೇಳಿದಂತೆ ಮೈಕನ್ನು ಕೆಳಗಿಳಿಸಿಕೊಟ್ಟು ನನ್ನ ಟೇಬಲ್ಲಿಗೆ ಮರಳಿದೆ. ಆಕೆ ಒದ್ದೆ ಸಿಮೆಂಟಿನ ಮೇಲೆ ನಿಂತು, ಮೈಕಿಗೂ ಕೈ ಮುಗಿಯುವವಳಂತೆ ಎರಡೂ ಕೈಯಿಂದ ಅದನ್ನು ಹಿಡಿದಳು.

ಸ್ಪೀಕರಿನಲ್ಲಿ ‘ಗುಂಯ್’ ಎಂದು ಸದ್ದು ಬಂತು. ಆಗ ನಾನು ಮಾಡಿದ್ದು ಇಷ್ಟು: ಕೈ ಚಾಚಿ ಧ್ವನಿ ಕಡಿಮೆ ಮಾಡಿದೆ. ನೋಟ್‌ಬುಕ್ಕಿನ ಏಳನೆಯ ಅಂಶ ಅದೇ, ಸದ್ದು ಬಂದರೆ ಮೊದಲು ಧ್ವನಿ ತಗ್ಗಿಸುವುದು. ಹನುಮಕ್ಕನ ಬಾಯಿ ತೆರೆದಿತ್ತು. ಮಾತು ಬರಲಿಲ್ಲ. ಹೆಗಲು ನಡುಗುತ್ತಿತ್ತು, ಶಾಲು ಜಾರಿತು. ಹೆಡ್ ಮಾಸ್ತರು, ಪಾಪ, ಆಕೆಗೆ ದುಃಖ ಒತ್ತರಿಸಿ ಬಂದಿದೆ ಎಂದುಕೊಂಡು ಧೈರ್ಯ ಕೊಡಲು ಚಪ್ಪಾಳೆ ತಟ್ಟಿದರು. ಅತಿಥಿಗಳು ತಟ್ಟಿದರು. ಮಕ್ಕಳೆಲ್ಲ ತಟ್ಟಿದರು. ನಾನೂ ತಟ್ಟಿದೆ. ಎಷ್ಟು ಹೊತ್ತು ಎಂದು ಆಮೇಲೆ ಹಲವರನ್ನು ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ನನ್ನ ಕೈಗಳು ಐದು ಸಲ ಕೂಡಿ ಬಿಟ್ಟವು.

ಹುಲಿಗೆಮ್ಮ ಗೆಳತಿಯ ಮಾತು ಕೇಳಲೆಂದು ಮಂಡಕ್ಕಿ ಕಲಸುವುದನ್ನು ಬಿಟ್ಟು ವೇದಿಕೆಯ ಪಕ್ಕಕ್ಕೆ ಬಂದು ನಿಂತಿದ್ದಳು. ‘ಅಯ್ಯೋ ಚಪ್ಪಾಳಿ ಏನ್ ಹೊಡಿತೀರೋ, ಕರೆಂಟ್ ಹಿಡದೈತ್ರೋ ಅಕೀನ!’ ಎಂದು ಕಿರುಚಿದಳು. ಓಡಿ ಬಂದು ಕೈಯಲ್ಲಿದ್ದ ಕಟ್ಟಿಗೆಯ ಹುಟ್ಟಿನಿಂದ ಮೈಕಿನ ಕೋಲಿಗೆ ಬೀಸಿ ಹೊಡೆದಳು. ಮೈಕು ಹನುಮಕ್ಕನ ಕೈಯಿಂದ ಕಿತ್ತುಕೊಂಡು ಹೋಗಿ ಬಿತ್ತು. ಹನುಮಕ್ಕನೂ ಬಿದ್ದಳು. ಅದಾದ ಮೇಲೆ ನಾನು ವೈರು ಎಳೆದೆ. ನನ್ನ ಕೈಗೆ ಎರಡು ಪಿನ್ನು ಬಂದವು. ಪರದೆಯ ಮೇಲೆ ಹನುಮಕ್ಕ ಇನ್ನೂ ಸಾರು ಬಡಿಸುತ್ತ ನಗುತ್ತಿದ್ದಳು. ಪ್ರೊಜೆಕ್ಟರನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅತಿಥಿಗಳ ಕಾರಿನಲ್ಲೇ ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯಲ್ಲಿ ಆಕೆಗೆ ಎಚ್ಚರವಿತ್ತು, ಮಾತಿರಲಿಲ್ಲ. ಜೀವಕ್ಕೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳುವವರೆಗೆ ಹುಲಿಗೆಮ್ಮ ಹುಟ್ಟನ್ನು ಕೆಳಗಿಡಲಿಲ್ಲ. ಐದು ದಿನ ಇಟ್ಟುಕೊಂಡರು. ಎರಡೂ ಅಂಗೈ ಸುಟ್ಟಿದ್ದವು. ಎಡಗೈ ಮಾಗಿತು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಮರುದಿನ ಆಂಪ್ಲಿಫೈಯರನ್ನು ಬಿಚ್ಚಿ ನೋಡಿದೆ. ಕಪಾಟಿನಲ್ಲಿದ್ದಾಗ ಇಲಿಯೊಂದು ಒಳಗೆ ಹೊಕ್ಕು ವೈರಿನ ಸಿಪ್ಪೆ ಕಡಿದಿತ್ತು. ಬರಿದಾದ ತಂತಿ ಕಬ್ಬಿಣದ ಮೈಗೆ ತಾಗಿಕೊಂಡಿತ್ತು, ಅಲ್ಲಿಂದ ಮೈಕಿನ ವೈರಿನ ಮೂಲಕ ಮೈಕಿನ ಮೈಗೂ ಕರೆಂಟು ಬಂದಿತ್ತು. ಹೆಡ್ ಮಾಸ್ತರಿಗೆ ತೋರಿಸಿದಾಗ ಅವರು ನಿಟ್ಟುಸಿರು ಬಿಟ್ಟರು. ‘ಇಲಿ ಕಡದದ್ದಕ್ಕ ನೀವೇನ್ ಮಾಡ್ತೀರಿ ಸರ್? ಬಿಡ್ರಿ’ ಎಂದರು. ಶಾಲೆಯ ವರದಿಯಲ್ಲೂ ಇಲಿ ಎಂದೇ ಆಯಿತು. ನಾನು ಜೇಬಿನಿಂದ ಮುರಿದ ಪಿನ್ನನ್ನು ತೆಗೆದು ಅವರ ಮೇಜಿನ ಮೇಲಿಟ್ಟು, ಇದನ್ನು ಇಲಿ ಕಡಿದದ್ದಲ್ಲ ಎಂದೆ. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ‘ಇದನ್ನ ಬರಿಯಾದು ಬ್ಯಾಡ’ ಎಂದು ಮೆಲ್ಲಗೆ ನನ್ನ ಕಡೆ ಸರಿಸಿದರು. ನಾನೂ ಒತ್ತಾಯ ಮಾಡಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದಾಗ ಹನುಮಕ್ಕ ಎದ್ದು ಕೂತಿದ್ದಳು. ಎರಡೂ ಕೈಗೆ ಬಿಳಿ ಪಟ್ಟಿ. ಹುಲಿಗೆಮ್ಮ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ನೋಡಿ, ‘ಬರ್ರಿ ಸರ್, ಕುಂದ್ರಿ’ ಎಂದು ಹನುಮಕ್ಕನೇ ಉಪಚರಿಸಿದಳು. ಸ್ಟೂಲಿನ ಮೇಲೆ ಕೂತು, ಆ ನಾಲ್ಕನೆಯ ಮಾತು ಏನಿತ್ತವ್ವ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಆಕೆ ಹುಲಿಗೆಮ್ಮನ ಮುಖ ನೋಡಿದಳು. ‘ಹೇಳಬೇ, ಈಗೇನ್ ನಾಚಿಕಿ’ ಎಂದಳು ಹುಲಿಗೆಮ್ಮ. ಹನುಮಕ್ಕ ಗೋಡೆಯ ಕಡೆ ನೋಡುತ್ತ, ವಾರವಿಡೀ ಅಭ್ಯಾಸ ಮಾಡಿದ್ದ ಅದೇ ಧ್ವನಿಯಲ್ಲಿ ಹೇಳಿದಳು: ‘ಅಡಿಗಿ ಮನ್ಯಾಗಿನ ಮಿಕ್ಸರ್ ಮುಟ್ಟಿದ್ರ ಜುಂ ಅಂತೈತಿ. ನಾ ಹೆಂಗೋ ಮಣಿ ಮ್ಯಾಲ ನಿಂತು ಮಾಡೀನಿ. ನನ್ನ ಹಿಂದ ಬರಾಕಿಗಿ ಯಾರಾರ ಅದನ್ನ ಸರಿ ಮಾಡಿಸಿ ಕೊಡ್ರಿ.’

ಆಗ ನನಗೆ ಎಲ್ಲವೂ ಒಂದೊಂದಾಗಿ ನೆನಪಾಯಿತು. ಮೂರು ವರ್ಷದ ಹಿಂದೆ ಆಕೆ ಸ್ಟಾಫ್ ರೂಮಿಗೆ ಬಂದು, ಮಿಕ್ಸರ್ ಜುಂ ಎನ್ನುತ್ತದೆ ಎಂದು ನನಗೆ ಹೇಳಿದ್ದಳು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ತಲೆಯೆತ್ತದೆ, ‘ಚಪ್ಪಲಿ ಹಾಕ್ಕೊಂಡು ಮಾಡವ್ವ’ ಎಂದಿದ್ದೆ. ಒಲೆಯ ಮುಂದೆ, ಅನ್ನದ ಮುಂದೆ, ಚಪ್ಪಲಿ ಹಾಕಿಕೊಳ್ಳುವುದು ಆಕೆಯಿಂದ ಆಗದ ಮಾತು. ಆದ್ದರಿಂದ ಮನೆಯಿಂದ ಒಂದು ಕಟ್ಟಿಗೆಯ ಮಣೆ ತಂದು, ಅದರ ಮೇಲೆ ನಿಂತು ಮೂರು ವರ್ಷ ಮಸಾಲೆ ರುಬ್ಬಿದ್ದಳು. ನಾನು ಚಿತ್ರ ಬರೆದು ಪಾಠ ಮಾಡುವುದನ್ನು ಆಕೆ ಕಾಲಿನಿಂದ ಕಂಡುಕೊಂಡಿದ್ದಳು. ವೇದಿಕೆಯ ಮೇಲೆ ಮಣೆ ಇರುತ್ತದೆಯೇ ಎಂದು ಕೇಳಿದ್ದು ಎತ್ತರಕ್ಕಲ್ಲ. ಮರುದಿನ ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಶಾಲೆಯನ್ನೆಲ್ಲ ಸುತ್ತಿದೆ. ಮಿಕ್ಸರಿಗೆ ಮೂರನೆಯ ಪಿನ್ನು ಇರಲಿಲ್ಲ. ನೀರಿನ ಮೋಟಾರಿಗೆ ಇರಲಿಲ್ಲ. ಆಫೀಸಿನ ಪ್ರಿಂಟರಿಗೂ ಇರಲಿಲ್ಲ. ನನ್ನ ಪ್ಲೇಯರಿನ ಒಂದು ಹಲ್ಲು ಮುಕ್ಕಾಗಿದೆ. ಅದರಿಂದ ಮುರಿದರೆ ಬುಡದಲ್ಲಿ ಎಡಕ್ಕೆ ಓರೆಯಾದ ಒಂದು ಗುರುತು ಉಳಿಯುತ್ತದೆ. ಮೂರರಲ್ಲೂ ಆ ಗುರುತಿತ್ತು. ಹನುಮಕ್ಕ ವೇದಿಕೆಯ ಮೇಲೆ ಹೆಸರು ಹೇಳದೆ ದೂರು ಕೊಡಲು ಹೊರಟಿದ್ದದ್ದು ನನ್ನ ಮೇಲೆಯೇ. ಪಿನ್ನಿನ ವಿಷಯ ಆಕೆಗೆ ಗೊತ್ತಿರಲಿಲ್ಲ, ಆದರೆ ಒಮ್ಮೆ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ನನ್ನ ಮುಂದೆ ಮತ್ತೆ ಹೇಳಲು ಆಕೆಗೆ ಒಂಥರಾ ಆಗಿತ್ತು.

ಈಗ ಶಾಲೆಯಲ್ಲಿ ಎಲ್ಲ ಬೋರ್ಡಿಗೂ ಮೂರು ತೂತು ಇವೆ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕೊಳವೆ ನೆಟ್ಟು ಭೂಮಿಗೆ ಸರಿಯಾಗಿ ಸಂಪರ್ಕ ಕೊಡಿಸಿದ್ದೇವೆ. ಕರೆಂಟು ಸೋರಿದರೆ ತಾನೇ ಆರಿಹೋಗುವ ಸ್ವಿಚ್ಚು ಹಾಕಿಸಿದ್ದೇವೆ. ಹೊರಗಿನ ಕಾರ್ಯಕ್ರಮಗಳಿಗೂ ಹೋಗುತ್ತೇನೆ. ನೆಲಕ್ಕೆ ನೀರು ಹಾಕಿಸುವುದಿಲ್ಲ, ಪ್ರೊಜೆಕ್ಟರು ಧೂಳು ತಿನ್ನಲಿ. ಟೆಸ್ಟರ್ ಹಿಡಿದು ಮೊದಲು ಆಂಪ್ಲಿಫೈಯರಿನ ಮೈ, ಆಮೇಲೆ ಮೈಕಿನ ಮೈ ಮುಟ್ಟಿ ನೋಡುತ್ತೇನೆ. ಅದೆಲ್ಲ ಸರಿಯಿದ್ದರೆ, ಕೊನೆಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ಟೆಸ್ಟಿಂಗ್ ಹೇಳುತ್ತೇನೆ. ಮೊನ್ನೆ ಸಂಡೂರಿನ ಒಂದು ಸಭೆಯಲ್ಲಿ ನಿರೂಪಕರು ಅದನ್ನು ನೋಡಿ, ವೇದಿಕೆಯ ಪಾವಿತ್ರ್ಯವನ್ನು ಬಲ್ಲ ಇಂಥ ಶಿಕ್ಷಕರು ಅಪರೂಪ ಎಂದು ನಾನು ಸರಿಮಾಡಿಕೊಟ್ಟ ಮೈಕಿನಲ್ಲೇ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಸದ್ದಿಗೆ ಈಗ ನನ್ನ ಕೈ ತಾನಾಗಿ ವೈರಿನ ಕಡೆ ಹೋಗುತ್ತದೆ.

ಈ ವರ್ಷದ ವಾರ್ಷಿಕೋತ್ಸವಕ್ಕೆ ಹನುಮಕ್ಕನನ್ನು ಕರೆಸಿ ಅರ್ಧಕ್ಕೆ ನಿಂತ ಮಾತು ಮುಗಿಸಲು ಅವಕಾಶ ಕೊಡಬೇಕೆಂದು ಹೆಡ್ ಮಾಸ್ತರು ಹೇಳಿದರು. ಹೋದ ವಾರ ಅವಳ ಮನೆಗೆ ಹೋಗಿದ್ದೆ. ಮುರಿದ ಪಿನ್ನನ್ನು ಅಂಗೈಯಲ್ಲಿಟ್ಟು, ಇದನ್ನು ಮುರಿದವನು ನಾನು, ಮಿಕ್ಸರಿನದನ್ನೂ ನಾನೇ ಮುರಿದದ್ದು ಎಂದು ಹೇಳಿದೆ. ಮಡಚುವ ಬೆರಳುಗಳಿಂದ ಅದನ್ನು ಎತ್ತಿ ತಿರುಗಿಸಿ ನೋಡಿದಳು. ‘ಇಷ್ಟ ಏನ್ರಿ?’ ಎಂದಳು. ಕಡಲೆಕಾಯಿಯಷ್ಟೂ ಇರಲಿಲ್ಲ ಅದು. ನಾನು ಗುಂಡಿ, ಇದ್ದಿಲು, ಸ್ವಿಚ್ಚು ಎಲ್ಲವನ್ನೂ ವಿವರಿಸಿದೆ. ಈ ಸಲ ಬ್ಯಾಟರಿಯ ಮೈಕು ತರುತ್ತೇವೆ, ಅದಕ್ಕೆ ವೈರೇ ಇರುವುದಿಲ್ಲ ಎಂದೆ. ತರಗತಿಯಲ್ಲಿ ಯಾರೂ ಅಷ್ಟು ಗಮನವಿಟ್ಟು ನನ್ನ ಪಾಠ ಕೇಳಿದ್ದಿಲ್ಲ. ಮುಗಿದ ಮೇಲೆ, ‘ಎಲ್ಲಾ ಚಲೋ ಮಾಡೀರಿ ಸರ್. ಬರ್ತೀನಿ. ಮಣಿ ನಾನ ತರ್ತೀನಿ’ ಎಂದಳು.

‘ಹಂಗಾರ ಎರಡು ತಾರವ್ವ’ ಎಂದೆ.

‘ಇನ್ನೊಂದು ಯಾರಿಗ್ರಿ?’

‘ಟೆಸ್ಟಿಂಗ್ ಮಾಡಾಂವ ನಾನಲ್ಲೇನವ್ವ?’

ಆ ದಿನದ ಮೇಲೆ ಮೊದಲ ಸಲ ಆಕೆ ನನ್ನೆದುರು ನಕ್ಕಳು. ಮನೆಗೆ ಬಂದು ಹಸಿರು ನೋಟ್‌ಬುಕ್ ತೆಗೆದು ಇಪ್ಪತ್ತನಾಲ್ಕನೆಯ ಅಂಶ ಬರೆದೆ: ಮಣೆ, ಎರಡು. ನನ್ನ ಹೆಂಡತಿಗೆ ಎಲ್ಲ ಗೊತ್ತು. ಆದರೂ ಬೆನ್ನ ಹಿಂದೆ ನಿಂತು ಓದಿ, ‘ಯಾಕ್ರಿ, ನಿಮಗೂ ಮೈಕ್ ಎಟುಕವಲ್ದೇನು? ಗಿಡ್ಡ ಆಗೀರೇನು?’ ಎಂದಳು.

ಹೌದು ಎಂದೆ.